ಪಕ್ಕದಲ್ಲೇ ಗೋವಾ ಇದೆಯಲ್ಲ ಅಂದವನಿಗೆ

“ಕಾರವಾರದಲ್ಲಿ ಬಿ.ಎ. ಮಾಡಿದವರು ಎಕನಾಮಿಕ್ಸ್ ಎಂ.ಎ.ಗೆ ದಿಲ್ಲಿ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ (ಐಎಸ್‌ಐ) ಅಂತ ಯಾಕೆ ಒದ್ದಾಡಬೇಕು? ಪಕ್ಕದಲ್ಲೇ ಗೋವಾ ಇದೆ. ಹೇಗೂ ನೀವು ಅರ್ಧ ಗೋವಾದವರೇ ಅಲ್ವಾ?” ಅಂತ ಕೇಳಿದೆಯಲ್ಲ, ಬೆಂಗಳೂರಿನಲ್ಲಿ ಕೂತು ನಕ್ಷೆ ನೋಡಿದರೆ ಹಾಗೆ ಅನ್ನಿಸಬಹುದು. ಆದರೆ ನಾವು ಅರ್ಧ ಯಾವುದೂ ಅಲ್ಲ ಮಾರಾಯ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನು ಪೇಟೆಯಲ್ಲಿ ಎರಡೂ. ಇಷ್ಟಿದ್ದರೂ ಇಡೀ ಕರ್ನಾಟಕದವರೇ. ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಮುಂದೆ ಮಾಜಾಳಿ, ಅದರಾಚೆ ಪೋಳೆಂ. ಕೂಲಿಗೆ, ಆಸ್ಪತ್ರೆಗೆ, ಮದುವೆಗೆ ಜನ ದಿನಾ ದಾಟುವ ಗಡಿ ಅದು. ಕಾಲೇಜಿನ ಸೀಟಿನ ಮಾತು ಬಂದಾಗ ಮಾತ್ರ ಆ ಗಡಿ ಗಟ್ಟಿಯಾಗುತ್ತದೆ. ಗೋವಾ ವಿಶ್ವವಿದ್ಯಾಲಯದ ಸೀಟುಗಳಲ್ಲಿ ದೊಡ್ಡ ಪಾಲು ಅಲ್ಲಿಯೇ ಪದವಿ ಮಾಡಿದವರದ್ದು. ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಾಗಿ ಅಲ್ಲಿ ನಾವು ಹೊರಗಿನವರು. ಅರ್ಜಿ ಹಾಕಬಾರದು ಅಂತಲ್ಲ, ಹಾಕಲಿ, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಧಾರವಾಡ ಇದೆ, ಕಾರವಾರದ ಕೋಡಿಬಾಗದಲ್ಲೇ ಅದರ ಸ್ನಾತಕೋತ್ತರ ಕೇಂದ್ರವೂ ಇದೆ. ಮೇಷ್ಟರಾಗಬೇಕು, ಕೆಎಎಸ್ ಬರೆಯಬೇಕು ಅನ್ನುವವರಿಗೆ ಅದು ಒಳ್ಳೆಯ ದಾರಿ. ಮುಂದೆ ಪಿಎಚ್‌.ಡಿ., ಸಂಶೋಧನೆ, ರಿಸರ್ವ್ ಬ್ಯಾಂಕ್, ಇಂಡಿಯನ್ ಎಕನಾಮಿಕ್ ಸರ್ವಿಸ್ ಅಂತ ಯೋಚಿಸುವವರು ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಐಎಸ್‌ಐ, ಮುಂಬಯಿಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ (ಐಜಿಐಡಿಆರ್), ಪುಣೆಯ ಗೋಖಲೆ ಸಂಸ್ಥೆ, ಐಐಟಿಗಳ ಕಡೆಗೂ ನೋಡಬೇಕು. 1949ರಲ್ಲಿ ದಿಲ್ಲಿ ಸ್ಕೂಲ್ ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಕಟ್ಟಿದರು. ಈ ಸಂಸ್ಥೆಗಳು ನಮಗೆ ಪರಕೀಯ ಅಂತ ಯಾರೂ ಹೇಳಬೇಕಾಗಿಲ್ಲ.

ಅರ್ಜಿ ತುಂಬುವುದು, ಫೋಟೊ ಅಳತೆ, ಶುಲ್ಕ ಕಟ್ಟುವುದು ಎಲ್ಲ ಊರಲ್ಲೂ ಒಂದೇ, ಅದನ್ನು ಬಿಡು. ನಮ್ಮ ಹುಡುಗರು ವರ್ಷ ವರ್ಷವೂ ಸಿಕ್ಕಿಬೀಳುವುದು ಒಂದೇ ಕಡೆ: ಗಣಿತ.

ಎಸ್ಸೆಸ್ಸೆಲ್ಸಿ ಮುಗಿಸಿದ ಹದಿನಾರರ ಹುಡುಗಿ ಆರ್ಟ್ಸ್ ತೆಗೆದುಕೊಂಡರೆ ಸಾಮಾನ್ಯವಾಗಿ ಸಿಗುವುದು ಹೆಚ್ಇಪಿಎಸ್: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಗಣಿತ ಬೇಕೆಂದರೆ ಸೈನ್ಸ್‌ಗೆ ಹೋಗಬೇಕು. ಕಾಮರ್ಸಿನಲ್ಲಿ ಸಂಖ್ಯಾಶಾಸ್ತ್ರವೋ ಬೇಸಿಕ್ ಮ್ಯಾತ್ಸೋ ಇರುವ ಕಾಂಬಿನೇಶನ್ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಜೋಯಿಡಾದ ಹುಡುಗಿ ಅದನ್ನು ಹುಡುಕಿಕೊಂಡು ದಾಂಡೇಲಿಗೋ ಕಾರವಾರಕ್ಕೋ ಹೋಗಿ ಹಾಸ್ಟೆಲಿನಲ್ಲಿ ಉಳಿಯಬೇಕು. ಅರ್ಥಶಾಸ್ತ್ರದ ಎಂ.ಎ.ಗೆ ಗಣಿತ ಬೇಕಾಗುತ್ತದೆ ಅಂತ ಆ ವಯಸ್ಸಿನಲ್ಲಿ ಅವಳಿಗೆ ಹೇಳುವವರೂ ಇರುವುದಿಲ್ಲ. ಐದು ವರ್ಷದ ನಂತರ ಪ್ರವೇಶ ಪರೀಕ್ಷೆಯ ಪತ್ರಿಕೆ ತೆರೆದರೆ ಕಣ್ಣಿಗೆ ಬೀಳುವುದು ಆಂಶಿಕ ಅವಕಲನ (ಪಾರ್ಶಿಯಲ್ ಡಿಫರೆನ್ಶಿಯೇಶನ್), ಮ್ಯಾಟ್ರಿಕ್ಸ್, ಸಂಭವನೀಯತೆ. ನೀವೆಲ್ಲ ಇದನ್ನು ನೋಡಿ “ಅಲ್ಲಿನವರಿಗೆ ಮಟ್ಟ ಕಡಿಮೆ” ಅನ್ನುತ್ತೀರಿ. ಮಟ್ಟ ಕಡಿಮೆಯಲ್ಲ. ಕಲಿಸದೇ ಇದ್ದದ್ದನ್ನು ಕೇಳಿದ್ದಾರೆ, ಅಷ್ಟೇ.

ಇದನ್ನು ತುಂಬಿಕೊಳ್ಳಬಹುದು. ಮೊದಲ ಕೆಲಸ ಅರ್ಹತೆಯ ಸಾಲು ಓದುವುದು. ಕೆಲವು ಸಂಸ್ಥೆಗಳು ಯಾವುದೇ ಪದವಿ ಸಾಕು ಅನ್ನುತ್ತವೆ, ಕೆಲವು 12ನೇ ತರಗತಿಯಲ್ಲಿ ಗಣಿತ ಓದಿರಬೇಕು ಅನ್ನುತ್ತವೆ. ಅದನ್ನು ನೋಡದೆ ಆರು ತಿಂಗಳು ಓದಿ, ಅರ್ಜಿಯ ದಿನ ಗೊತ್ತಾಗಿ ಅಳುವವರಿದ್ದಾರೆ. ಪಿಯುಸಿಯಲ್ಲಿ ಗಣಿತ ಇಲ್ಲದವರು ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಮೂಲಕ ಸೀನಿಯರ್ ಸೆಕೆಂಡರಿಯ ಗಣಿತ ಒಂದನ್ನೇ ಕಟ್ಟಿ ಪಾಸಾಗಬಹುದು. ವಿಷಯದ ಸಂಖ್ಯೆ 311, ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ. ಬೇರೆಯಾಗಿ ಬಂದ ಈ ಅಂಕಪಟ್ಟಿಯನ್ನು ಒಪ್ಪುತ್ತೀರಾ ಅಂತ ತಾನು ಸೇರಬೇಕೆಂದಿರುವ ಸಂಸ್ಥೆಗೆ ಮೊದಲೇ ಇಮೇಲ್ ಬರೆದು, ಉತ್ತರವನ್ನು ಇಟ್ಟುಕೊಳ್ಳಬೇಕು. ಬಿ.ಎ. ಎರಡನೇ ವರ್ಷದಲ್ಲೇ ಇದನ್ನು ಮುಗಿಸಿದರೆ ಕೊನೆಯ ವರ್ಷ ಹಗುರ.

ಓದಿಗೆ ಎನ್‌ಸಿಇಆರ್‌ಟಿಯ 11 ಮತ್ತು 12ರ ಗಣಿತ ಪುಸ್ತಕ ಸಾಕು, ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಎಲ್ಲ ಅಧ್ಯಾಯ ಬೇಡ. ಶಾಂಕವ, ಮೂರು ಆಯಾಮದ ಜ್ಯಾಮಿತಿ, ತ್ರಿಕೋನಮಿತಿಯ ಉದ್ದುದ್ದ ಸೂತ್ರಗಳನ್ನು ಬದಿಗಿಡಬೇಕು. ಫಲನ, ಶ್ರೇಢಿ, ಕ್ರಮಯೋಜನೆ, ಮಿತಿ ಮತ್ತು ಅವಕಲನ, ಅವಕಲನದ ಅನ್ವಯ, ಅನುಕಲನ, ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಸಂಭವನೀಯತೆ, ಇವನ್ನು ಬಿಡಬಾರದು. ಲಾಗರಿದಮ್ ಮತ್ತು ಘಾತಾಂಕದಲ್ಲಿ ಕೈ ಕೂರಬೇಕು, ಯಾಕೆಂದರೆ ಬೆಳವಣಿಗೆ ದರದ ಪ್ರತಿ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ. ದಿನಕ್ಕೆ ಒಂದೂವರೆ ಗಂಟೆಯಂತೆ ನಾಲ್ಕು ತಿಂಗಳು ಇದಕ್ಕೇ ಮೀಸಲು. ಆಮೇಲೆ ಈ ಪುಸ್ತಕಗಳಲ್ಲಿ ಇಲ್ಲದ ಎರಡು ಸಂಗತಿ ಕಲಿಯಬೇಕು: ಆಂಶಿಕ ಅವಕಲನ, ಮತ್ತು ನಿರ್ಬಂಧದೊಳಗೆ ಗರಿಷ್ಠ ಹುಡುಕುವ ಲಗ್ರಾಂಜ್ ವಿಧಾನ. ಇವಕ್ಕೆ ಸ್ವಯಂ, ಎನ್‌ಪಿಟಿಇಎಲ್ ಜಾಲತಾಣಗಳಲ್ಲಿ ಪಾಠಗಳಿವೆ.

ಎಲ್ಲಿ ಎಡವುತ್ತಾರೆ ಅನ್ನುವುದನ್ನು ಒಂದು ಲೆಕ್ಕದಲ್ಲೇ ತೋರಿಸುತ್ತೇನೆ. ಒಂದು ಮನೆಯಲ್ಲಿ 1000 ರೂಪಾಯಿ ಇದೆ. ಕುಚ್ಚಲಕ್ಕಿ ಕಿಲೋಗೆ 50, ಬಂಗಡೆ ಕಿಲೋಗೆ 250 ಅಂತಿಟ್ಟುಕೋ. ತುಷ್ಟಿಗುಣ, ಅಂದರೆ ಕೊಂಡದ್ದರಿಂದ ಸಿಗುವ ತೃಪ್ತಿಯ ಅಳತೆ, ಇಲ್ಲಿ ಅಕ್ಕಿ ಮತ್ತು ಮೀನಿನ ಗುಣಲಬ್ಧದ ವರ್ಗಮೂಲ. ಲಗ್ರಾಂಜ್ ಹಾಕಿದರೆ ದುಡ್ಡು ಸರಿ ಅರ್ಧ ಹಂಚಿಹೋಗುತ್ತದೆ: 10 ಕಿಲೋ ಅಕ್ಕಿ, 2 ಕಿಲೋ ಮೀನು. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಈಗ ತುಷ್ಟಿಗುಣವನ್ನು “ಅಕ್ಕಿ ಕೂಡಿಸು ನಾಲ್ಕು ಪಟ್ಟು ಮೀನು” ಅಂತ ಬದಲಿಸಿದರೆ ಲಗ್ರಾಂಜ್ ಉತ್ತರ ಕೊಡುವುದಿಲ್ಲ. ಒಂದು ರೂಪಾಯಿಗೆ ಅಕ್ಕಿಯಿಂದ 0.02 ಸಿಗುತ್ತದೆ, ಮೀನಿನಿಂದ 0.016. ಹಾಗಾಗಿ ಇಡೀ ದುಡ್ಡು ಅಕ್ಕಿಗೆ, 20 ಕಿಲೋ. ಇದು ಮೂಲೆಯ ಉತ್ತರ (ಕಾರ್ನರ್ ಸೊಲ್ಯೂಶನ್). ಇಲ್ಲಿ ಅವಕಲನವನ್ನು ಸೊನ್ನೆಗೆ ಸಮ ಮಾಡಲು ಹೊರಟವರು ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ. ಮೂರನೆಯದು: ಪ್ರತಿ 5 ಕಿಲೋ ಅಕ್ಕಿಗೆ 1 ಕಿಲೋ ಮೀನು ಬೇಕೇ ಬೇಕು, ಬೇರೆ ಪ್ರಮಾಣದಲ್ಲಿ ಪ್ರಯೋಜನವಿಲ್ಲ. ಒಂದು ಕಟ್ಟಿಗೆ 500 ರೂಪಾಯಿ, ಎರಡು ಕಟ್ಟು ಬಂತು, ಮತ್ತೆ 10 ಕಿಲೋ ಅಕ್ಕಿ, 2 ಕಿಲೋ ಮೀನು. ಮೊದಲನೆಯದರ ಉತ್ತರವೇ ಬಂತಲ್ಲ ಅಂತ ಎರಡೂ ಒಂದೇ ಅಂದುಕೊಂಡರೆ ತಪ್ಪು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬಂಗಡೆ 400ಕ್ಕೆ ಏರಿತು ಅನ್ನು. ಮೊದಲ ಮನೆ 1.25 ಕಿಲೋ ಮೀನು ಕೊಂಡು ಅಕ್ಕಿಯನ್ನು 10 ಕಿಲೋದಲ್ಲೇ ಇಟ್ಟುಕೊಳ್ಳುತ್ತದೆ. ಮೂರನೆಯ ಮನೆ ಮೀನನ್ನು ಸುಮಾರು 1.54 ಕಿಲೋಗೆ, ಅಕ್ಕಿಯನ್ನು ಸುಮಾರು 7.7 ಕಿಲೋಗೆ ಇಳಿಸುತ್ತದೆ. ಬೆಲೆ ಬದಲಾದಾಗಲೇ ಎರಡು ಮನೆಗಳ ಸ್ವಭಾವ ಬೇರೆ ಅಂತ ಕಾಣುವುದು. ಪರೀಕ್ಷೆ ಕೇಳುವುದು ಇದನ್ನೇ.

ಇನ್ನೊಂದು ಹಳೆಯ ತೊಡಕು ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಶೇಕಡಾ ಒಂದು ಬದಲಾದರೆ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ. ಬಿ.ಎ.ಯಲ್ಲಿ ಐದು ಬಗೆಯನ್ನು ಬಾಯಿಪಾಠ ಮಾಡಿ ಹತ್ತು ಅಂಕ ಪಡೆದವರು ಬೇಡಿಕೆ ರೇಖೆ ನೇರವಾಗಿದ್ದರೆ ಸ್ಥಿತಿಸ್ಥಾಪಕತ್ವವೂ ಉದ್ದಕ್ಕೂ ಒಂದೇ ಅಂತ ಬರೆಯುತ್ತಾರೆ. ಬೇಡಿಕೆ 100ರಿಂದ ಬೆಲೆಯ ಎರಡರಷ್ಟು ಕಳೆದಷ್ಟು ಅಂತಿಟ್ಟು ಲೆಕ್ಕ ಮಾಡಲಿ. ಬೆಲೆ 25ರಲ್ಲಿ ಬೇಡಿಕೆ 50, ಸ್ಥಿತಿಸ್ಥಾಪಕತ್ವ ಸರಿಯಾಗಿ 1, ಆದಾಯ 1250. ಬೆಲೆ 20 ಆದರೂ 30 ಆದರೂ ಆದಾಯ 1200. ಇಳಿಜಾರು ಬದಲಾಗಿಲ್ಲ, ಸ್ಥಿತಿಸ್ಥಾಪಕತ್ವ ಬದಲಾಗಿದೆ. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಮತ್ತೆ ಮರೆಯುವುದಿಲ್ಲ.

ಪರೀಕ್ಷೆಗಳ ಕಾಲ ಹೀಗಿದೆ: ಐಐಟಿಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಜಾಮ್‌ಗೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿ ಸಾಮಾನ್ಯವಾಗಿ ಮಾರ್ಚಿನಲ್ಲಿ, ಐಎಸ್‌ಐ ಮೇ ತಿಂಗಳಲ್ಲಿ. ಐಎಸ್‌ಐಯ ಎಂ.ಎಸ್. (ಕ್ವಾಂಟಿಟೇಟಿವ್ ಎಕನಾಮಿಕ್ಸ್) ಕೋರ್ಸಿಗೆ ಸ್ಟೈಪೆಂಡ್ ಇದೆ ಅನ್ನುವುದನ್ನು ಬಡ ಮನೆಯ ಮಕ್ಕಳಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಜಾಮ್‌ನಲ್ಲಿ ಅರ್ಥಶಾಸ್ತ್ರ ಸೇರಿದ್ದು 2021ರಲ್ಲಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ ಒಂದೇ ಸರಿಯುತ್ತರದ ಬಹುಆಯ್ಕೆಗಳಿಗೆ ಮಾತ್ರ ತಪ್ಪಿದರೆ ಮೂರನೇ ಒಂದು ಭಾಗ ಕಡಿತ. ಸಂಖ್ಯೆ ತುಂಬುವ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಡುವುದು ದೊಡ್ಡ ತಪ್ಪು. ಕಣ್ಣು ಮುಚ್ಚಿ ಊಹಿಸಿದರೆ ಜಾಮ್‌ನ ಬಹುಆಯ್ಕೆಯಲ್ಲಿ ಸರಾಸರಿ ಲಾಭ ಸೊನ್ನೆ, ಒಂದು ಆಯ್ಕೆ ತಪ್ಪೆಂದು ಖಚಿತವಾದರೆ ಊಹೆ ಲಾಭದ್ದು. ಸಿಯುಇಟಿಯಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ. ಅಲ್ಲಿ ಬರೀ ಊಹೆಗೂ ಸರಾಸರಿ ಕಾಲು ಅಂಕ ಸಿಗುತ್ತದೆ. ನಿರೀಕ್ಷಿತ ಮೌಲ್ಯ ಓದಿದವರು ಇಷ್ಟನ್ನಾದರೂ ತಮ್ಮ ಪತ್ರಿಕೆಗೆ ಹಚ್ಚಬೇಕು.

ಆ ಸಿಯುಇಟಿಯ ಅರ್ಥಶಾಸ್ತ್ರ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ, ಕನ್ನಡದಲ್ಲಿ ಇಲ್ಲ. ಗಡಿಯಲ್ಲಿ ಕನ್ನಡ ಉಳಿಯಬೇಕು ಅಂತ ಪ್ರತಿ ನವೆಂಬರಿನಲ್ಲಿ ನಮಗೆ ಹೇಳುತ್ತಾರೆ. ಉಳಿಸಿದ್ದೇವೆ. ಕೊಂಕಣಿ ಮನೆಯ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಪದವಿಯವರೆಗೆ ಓದಿದ್ದಾರೆ. ಅವರಿಗೆ ಪರೀಕ್ಷೆಯ ಹೊಸ್ತಿಲಲ್ಲಿ ಕನ್ನಡ ಸಿಗುವುದಿಲ್ಲ ಅನ್ನುವುದು ನನಗೆ ಸಣ್ಣ ಸಂಗತಿಯಲ್ಲ. ಸದ್ಯಕ್ಕಿರುವ ಉಪಾಯ ಒಂದೇ: ಐದನೇ ಸೆಮಿಸ್ಟರಿನಿಂದ ಹಳೆಯ ಪತ್ರಿಕೆಗಳನ್ನು ಇಂಗ್ಲಿಷಿನಲ್ಲೇ, ಗಡಿಯಾರ ಇಟ್ಟುಕೊಂಡು ಬಿಡಿಸುವುದು. ಜಾಮ್ ಮತ್ತು ಐಎಸ್‌ಐ ಹಳೆಯ ಪತ್ರಿಕೆಗಳನ್ನು ತಮ್ಮ ಜಾಲತಾಣದಲ್ಲೇ ಇಟ್ಟಿವೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಹಿಂದುಳಿದ ವರ್ಗಕ್ಕೆ ರಾಜ್ಯ ಕೊಡುವ 2ಎ, 3ಬಿ ಪ್ರಮಾಣಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇರೆಯೇ ಬೇಕು, ಕೆನೆಪದರದಲ್ಲಿಲ್ಲ ಅನ್ನುವುದು ಅದರಲ್ಲಿರಬೇಕು, ಆ ಸಾಲಿಗೆ ಕೇಳಿದ ದಿನಾಂಕದೊಳಗಿನದಾಗಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆಯ ಸ್ಪೆಲಿಂಗಿನ ‘ನಾಯ್ಕ’, ಆಧಾರಿನಲ್ಲಿ ಇನ್ನೊಂದು ಬಗೆಯದು ಇದ್ದರೆ ಅರ್ಜಿಗೆ ಮೊದಲೇ ಸರಿಪಡಿಸಬೇಕು. ದಾಖಲಾತಿ ಬರುವುದು ಮಳೆಗಾಲದಲ್ಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲಾ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ದಿನಗಟ್ಟಲೆ ಬಂದಾಗಿತ್ತು. ಘಟ್ಟದ ಮೇಲೆ ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಕೌನ್ಸೆಲಿಂಗಿನ ಕೊನೆಯ ದಿನದವರೆಗೆ ಕಾಯುವುದು ಬೆಂಗಳೂರಿನಲ್ಲಿ ನಡೆಯುತ್ತದೆ, ಸಿದ್ದಾಪುರದಲ್ಲಿ ನಡೆಯುವುದಿಲ್ಲ.

“ಅಲ್ಲಿ ಎಕನಾಮಿಕ್ಸ್ ಅಂತ ಏನಿದೆ” ಅಂತಲೂ ಕೇಳಿದ್ದೆ. ಸಂದರ್ಶನಕ್ಕೆ, ಉದ್ದೇಶಪತ್ರಕ್ಕೆ ನಮ್ಮ ಮಕ್ಕಳ ಬಳಿ ಇರುವಷ್ಟು ಸರಕು ನಿಮ್ಮ ಹತ್ತಿರ ಇಲ್ಲ. ಶಿರಸಿಯಲ್ಲಿ ಚಾಲಿ, ರಾಶಿ ಅಡಿಕೆ ಟೆಂಡರಿಗೆ ಬರುತ್ತದೆ, ಇವತ್ತು ಕೊಡಲೋ ತಡೆಯಲೋ ಅಂತ ಪ್ರತಿ ಬೆಳೆಗಾರ ಬೆಲೆಯ ನಿರೀಕ್ಷೆಯ ಲೆಕ್ಕ ಹಾಕುತ್ತಾನೆ. 1923ರಲ್ಲಿ ಹುಟ್ಟಿದ, ತೋಟಗಾರರ ಮಾರಾಟದ ಸಹಕಾರಿ ಸಂಘ ಟಿಎಸ್‌ಎಸ್ ಆ ಪೇಟೆಯ ನಡುವೆ ಇದೆ. ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ ಇದೆ, ಭೂಮಿ ಸರಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಎಲಿನೋರ್ ಆಸ್ಟ್ರಮ್ 2009ರಲ್ಲಿ ನೊಬೆಲ್ ಪಡೆದದ್ದು ಇಂಥ ಸಾಮೂಹಿಕ ಸಂಪತ್ತನ್ನು ಜನ ಹೇಗೆ ಕಾಯ್ದುಕೊಳ್ಳುತ್ತಾರೆ ಅನ್ನುವ ಅಧ್ಯಯನಕ್ಕೆ. ಕುಮಟಾದ ಹುಡುಗಿ “ನನಗೆ ಬಾಲ್ಯದಿಂದ ಅರ್ಥಶಾಸ್ತ್ರ ಇಷ್ಟ” ಅಂತ ಬರೆಯುವ ಬದಲು ಅಘನಾಶಿನಿ ಅಳಿವೆಯ ಗಜನಿ ಗದ್ದೆಯ, ಅಂದರೆ ಒಡ್ಡು ಕಟ್ಟಿ ಕಾಯುವ ಉಪ್ಪುನೀರಿನ ಗದ್ದೆಯ ಬಗ್ಗೆ ಬರೆಯಲಿ. ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ, ಆದರೆ ಒಡ್ಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಹೊಳೆಯ ನೀರು.

ಅದನ್ನು ಲೆಕ್ಕದಲ್ಲೇ ಇಡಲಿ. 20 ಮನೆ, ಒಡ್ಡಿನ ರಿಪೇರಿಗೆ 60,000 ರೂಪಾಯಿ, ಒಡ್ಡು ನಿಂತರೆ ಪ್ರತಿ ಮನೆಗೆ 5,000 ರೂಪಾಯಿ ಲಾಭ ಅಂತ ಊಹಿಸಿಕೊಳ್ಳಲಿ. ಒಟ್ಟು ಲಾಭ ಒಂದು ಲಕ್ಷ, ಕೆಲಸ ಆಗಲೇಬೇಕು. ಆದರೂ ಒಬ್ಬನೇ ಮಾಡಿಸಲಾರ, ಪಕ್ಕದವನು ಕೊಡಲಿ ಅಂತ ಪ್ರತಿಯೊಬ್ಬನೂ ಕಾಯಬಹುದು. ಎಲ್ಲರೂ ಸೇರಿದರೆ ತಲಾ 3,000. ಐದು ಮನೆಯವರು ಗದ್ದೆಯನ್ನು ಸಿಗಡಿ ಸಾಕಣೆಗೆ ಕೊಟ್ಟು ಹೊರಬಿದ್ದರೆ ಉಳಿದ 15 ಮನೆಗೆ ತಲಾ 4,000, ಇನ್ನೂ ನಡೆಯುತ್ತದೆ. 12 ಮನೆ ಉಳಿದಾಗ ಲಾಭ, ಖರ್ಚು ಸಮ. ಹದಿಮೂರನೆಯ ಮನೆ ಭತ್ತದಲ್ಲಿ ಉಳಿಯುವುದೋ ಬಿಡುವುದೋ ಅನ್ನುವುದನ್ನು ಯಾವುದು ನಿರ್ಧರಿಸುತ್ತದೆ, ಇಡೀ ಗಜನಿ ಯಾವ ಮನೆಯ ಹೊತ್ತಿಗೆ ಕೈಬಿಟ್ಟುಹೋಗುತ್ತದೆ, ಅದು ಅವಳ ಪ್ರಶ್ನೆಯಾಗಲಿ. ದಿಲ್ಲಿಯ ಸಂದರ್ಶನದಲ್ಲಿ ಊರು ಯಾವುದು ಅಂತ ಕೇಳಿದಾಗ ಇದನ್ನೇ ಬೋರ್ಡಿನ ಮೇಲೆ ಬರೆದು ತೋರಿಸಲಿ.