ಪಾಠಕ್ಕಿಂತ ಮೊದಲು ಸಮಸ್ಯೆ

ಪ್ರಶ್ನೆ: ಪಾಠ ಮುಗಿದ ಮೇಲೆ ನಾವು ಕೊಡುವ ಅಭ್ಯಾಸದ ಲೆಕ್ಕಗಳಿಗೂ ಸಮಸ್ಯೆ ಆಧಾರಿತ ಕಲಿಕೆಗೂ ವ್ಯತ್ಯಾಸವೇನು? ಐವತ್ತು ಮಕ್ಕಳ ತರಗತಿಯಲ್ಲಿ, ಪಠ್ಯವನ್ನೂ ಮುಗಿಸಬೇಕಾದಾಗ, ಇದು ಸಾಧ್ಯವೇ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಪಾವಗಡ ತಾಲ್ಲೂಕು

ಉತ್ತರ: ವ್ಯತ್ಯಾಸವಿರುವುದು ಕ್ರಮದಲ್ಲಿ. ಅಭ್ಯಾಸದ ಲೆಕ್ಕ ಬಿಡಿಸುವ ಮಕ್ಕಳಿಗೆ ಸೂತ್ರ ಮೊದಲೇ ತಿಳಿದಿರುತ್ತದೆ. ಸಮಸ್ಯೆ ಆಧಾರಿತ ಕಲಿಕೆಯಲ್ಲಿ ಸಮಸ್ಯೆ ಮೊದಲು ಬರುತ್ತದೆ, ಅದನ್ನು ಬಿಡಿಸಲು ತಮಗೆ ಏನೇನು ತಿಳಿಯದು ಎಂಬುದನ್ನು ಮಕ್ಕಳೇ ಚರ್ಚಿಸಿ ಗುರುತಿಸಿಕೊಂಡ ಮೇಲೆ ಓದು ಆರಂಭವಾಗುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳಿಗೆ 1969ರಲ್ಲಿ ಹೀಗೆ ಕಲಿಸತೊಡಗಿದರು. ಮುಂದೆ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯ ಈ ಪದ್ಧತಿಯನ್ನು ಏಳು ಹಂತಗಳ ಕ್ರಮವಾಗಿ ರೂಪಿಸಿಕೊಂಡಿತು. ಅವುಗಳಲ್ಲಿ ಐದನೆಯದು, ಅಂದರೆ ನಾವಿನ್ನು ಏನನ್ನು ಕಲಿಯಬೇಕು ಎಂದು ಗುಂಪು ತೀರ್ಮಾನಿಸುವ ಹಂತವೇ, ಇಡೀ ಪದ್ಧತಿಯ ಜೀವಾಳವೆಂದು ನನ್ನ ಅಭಿಪ್ರಾಯ.

ನಿಮ್ಮ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದ ಸಂಕಟ. ಅದರ ಹೆಸರೆತ್ತದೆ ಮಕ್ಕಳ ಮುಂದೆ ಹೀಗೊಂದು ಸನ್ನಿವೇಶವನ್ನು ಇಡಿ: ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದ ಬಹಳಷ್ಟು ಜನರ ಹಲ್ಲುಗಳ ಮೇಲೆ ಕಂದು ಕಲೆಗಳಿವೆ, ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಅದೇ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದರೂ ಅವರ ಹಲ್ಲಿನಲ್ಲಿ ಅಂಥ ಕಲೆಯಿಲ್ಲ, ನೀರನ್ನು ಕುದಿಸಿ ಕುಡಿಯುವ ಮನೆಗಳ ಮಕ್ಕಳಿಗೂ ಕಲೆ ತಪ್ಪಿಲ್ಲ. ಹಲ್ಲುಜ್ಜದಿರುವುದು, ರೋಗಾಣು ಎಂಬ ಮೊದಲ ಊಹೆಗಳು ಇಲ್ಲಿ ನಿಲ್ಲುವುದಿಲ್ಲ. ಶಿಲೆಯ ಖನಿಜ ನೀರಿನಲ್ಲಿ ಕರಗುವುದು, ನೀರು ಕುದ್ದು ಆವಿಯಾದರೂ ಲವಣ ಉಳಿಯುವುದು, ಹಲ್ಲಿನ ಹೊರಪದರವಾದ ಎನಾಮಲ್ ಬಾಲ್ಯದಲ್ಲಿ ರೂಪುಗೊಳ್ಳುವಾಗ ಹೆಚ್ಚಿನ ಫ್ಲೋರೈಡ್ ಅದನ್ನು ಕೆಡಿಸುವ ಬಗೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದೆಂಬ ಭಾರತೀಯ ಮಾನಕ, ಇವೆಲ್ಲವೂ ಆಗ ಮಕ್ಕಳಿಗೇ ಬೇಕೆನಿಸುತ್ತವೆ. ಕಲೆಯಿರುವ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ದಯವಿಟ್ಟು ಯಾರನ್ನೂ ಉದಾಹರಣೆಯಾಗಿ ಎದ್ದು ನಿಲ್ಲಿಸಬೇಡಿ.

ಐವತ್ತು ಮಕ್ಕಳನ್ನು ಏಳೆಂಟು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬರು ಬರೆದುಕೊಳ್ಳುವವರನ್ನು ನೇಮಿಸಿ, ನೀವು ಗುಂಪಿನಿಂದ ಗುಂಪಿಗೆ ಹೋಗುತ್ತಿರಿ. ಒಂದು ಪೀರಿಯಡ್ ಚರ್ಚೆಗೆ, ಮತ್ತೊಂದು ಓದಿಗೆ, ಇನ್ನೊಂದು ವರದಿಗೆ ಸಾಕು. ಪಠ್ಯವನ್ನೆಲ್ಲ ಹೀಗೆ ಕಲಿಸಲು ಹೋಗಬೇಡಿ; ವರ್ಷಕ್ಕೆ ಎರಡು ಅಧ್ಯಾಯಗಳನ್ನು ಆರಿಸಿಕೊಳ್ಳಿ. ವಿಷಯಕ್ಕೆ ಹೊಸಬರಾದವರನ್ನು ಮಾರ್ಗದರ್ಶನವಿಲ್ಲದೆ ಬಿಟ್ಟರೆ ಕಲಿಕೆ ಕುಂಠಿತವಾಗುತ್ತದೆ ಎಂದು ಶಿಕ್ಷಣ ಸಂಶೋಧಕರಾದ ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಎತ್ತಿದ ಆಕ್ಷೇಪವನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಆದ್ದರಿಂದ ಮಕ್ಕಳು ‘ಇದು ನಮಗೆ ತಿಳಿಯದು’ ಎಂದು ಬರೆದ ಮೇಲೆ, ಅವರಿಂದಲೇ ಓದಿ ತಿಳಿಯಲಾಗದ ಭಾಗವನ್ನು ನೀವು ಕಪ್ಪುಹಲಗೆಯ ಮುಂದೆ ನಿಂತು ನೇರವಾಗಿಯೇ ಪಾಠ ಮಾಡಿ.