‘ನೀರು ಹೊಯ್ದೆ’ ಅಂದರೆ ಏನು ಕಲಿತ ಹಾಗಾಯಿತು?

ಶಿರಸಿ ಸೀಮೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರ ಪತ್ರ: “ನಾಲ್ಕೂವರೆ ವರ್ಷದ ಮೊಮ್ಮಗಳು ಪೇಟೆಯ ಮಾಂಟೆಸ್ಸರಿ ಶಾಲೆಗೆ ಹೋಗುತ್ತಾಳೆ. ‘ಎಂತ ಕಲ್ತೆ ಕೂಸೇ?’ ಎಂದರೆ ‘ನೀರು ಹೊಯ್ದೆ’ ಎನ್ನುತ್ತಾಳೆ. ಇನ್ನೊಂದು ದಿನ ‘ಮರದ ಗಟ್ಟಿ ಹಾಕ್ದೆ, ಒಂದು ಉಳ್ದೋಯ್ತು’. ಅಕ್ಕೋರು ಎಂತ ಮಾಡ್ತಾರೆ ಎಂದರೆ ‘ಕೂತ್ಕಂಡು ನೋಡ್ತಾರೆ’. ಇದಕ್ಕೆ ಫೀ ಕೊಡಬೇಕೆ? ಮನೆಯಲ್ಲಿ ಅಡಿಕೆ ಸುಲಿಯುವಾಗ ಚಾಲಿ, ಕೋಕ, ಬಿಳಿಗೋಟು ಬೇರೆ ಬೇರೆ ಮಾಡುವಷ್ಟು ಚುರುಕು ಮಗು. ಶಾಲೆಯ ವಿಷಯದಲ್ಲಿ ಅವಳ ಮಾತನ್ನು ಎಷ್ಟು ನಂಬಬಹುದು?”

ಹಿರಿಯರೇ, ಪೂರ್ತಿ ನಂಬಿ. ಆ ಮೂರು ಉತ್ತರಗಳನ್ನು ನಾನು ಮತ್ತೆ ಮತ್ತೆ ಓದಿದೆ.

‘ಒಂದು ಉಳ್ದೋಯ್ತು’ ಎಂಬುದನ್ನೇ ನೋಡಿ. ಮರದ ದಿಮ್ಮಿಯಲ್ಲಿ 10 ಕುಳಿ, ಅವಕ್ಕೆ ತಕ್ಕ 10 ಗಟ್ಟಿ, ಪ್ರತಿಯೊಂದಕ್ಕೂ ಪುಟ್ಟ ಹಿಡಿ. ಇಂಥ ನಾಲ್ಕು ದಿಮ್ಮಿಗಳಿರುತ್ತವೆ. ಸಪೂರದ್ದನ್ನು ದಪ್ಪದ ಕುಳಿಗೆ ಇಟ್ಟುಬಿಟ್ಟರೆ ಕೊನೆಗೆ ದಪ್ಪದೊಂದು ಕೂರಲು ಜಾಗವಿಲ್ಲದೆ ಕೈಯಲ್ಲೇ ಉಳಿಯುತ್ತದೆ. ತಪ್ಪು ಎಂದು ಯಾರೂ ಹೇಳಬೇಕಿಲ್ಲ, ಗಟ್ಟಿಯೇ ಹೇಳುತ್ತದೆ. ಮಗು ಎಲ್ಲ ತೆಗೆದು ಮತ್ತೆ ಹೂಡುತ್ತದೆ. ಆ ಹಿಡಿಯನ್ನು ಮೂರು ಬೆರಳಲ್ಲಿ ಎತ್ತಬೇಕು, ನಾಳೆ ಪೆನ್ಸಿಲ್ ಹಿಡಿಯುವುದೂ ಅವೇ ಬೆರಳು. ನೀರು ಚೆಲ್ಲದೆ ಹೊಯ್ಯುವಾಗ ಮಣಿಕಟ್ಟು ಹದಕ್ಕೆ ಬರುತ್ತದೆ. ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ‘ಅ’ ಅಕ್ಷರದ ಮೇಲೆ ಬೆರಳಾಡಿಸುವ ದಿನ ಬಂದಾಗ ಕೈ ಆಗಲೇ ಸಿದ್ಧವಾಗಿರುತ್ತದೆ. ಇಷ್ಟನ್ನೆಲ್ಲ ಅವಳು ಹೇಳಲಾರಳು. ಮಾಡಿದ್ದನ್ನು ಹೇಳುತ್ತಾಳೆ. ‘ಕಲ್ತೆ’ ಎಂಬುದು ದೊಡ್ಡವರ ಶಬ್ದ.

ಚಾಲಿ, ಕೋಕ ಗುರುತಿಸುವುದನ್ನು ಅವಳಿಗೆ ಯಾರು ಪಾಠ ಮಾಡಿದರು? ನಿಮ್ಮ ಪಕ್ಕ ಕೂತು, ಕೈಯಲ್ಲಿ ಹಿಡಿದು, ತೂಕ ನೋಡಿ ಕಲಿತಳು. ಈ ಪದ್ಧತಿಯನ್ನು ಹುಟ್ಟುಹಾಕಿದ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದಾಗ ಕಂಡದ್ದೂ ಇದನ್ನೇ: ಕೈಗೆ ಕೆಲಸ ಸಿಕ್ಕಿದ ಮಗು ಅದರಲ್ಲೇ ಮುಳುಗುತ್ತದೆ. ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು, ಎರಡನೇ ಮಹಾಯುದ್ಧ ಮುಗಿಯುವ ತನಕ ನಮ್ಮ ದೇಶದಲ್ಲೇ ಇದ್ದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ‘ಕೂತ್ಕಂಡು ನೋಡುವುದು’ ಆ ತರಬೇತಿಯಲ್ಲಿ ಬಹಳ ಕಷ್ಟದ ಭಾಗ. ಮಗು ತಡವರಿಸುವಾಗ ಕೈ ಹಾಕದೆ ಇರುವುದು ನನ್ನಿಂದಂತೂ ಸುಲಭಕ್ಕೆ ಆಗದು.

ಆದರೆ ಒಂದು ಎಚ್ಚರ. ಮಾಂಟೆಸ್ಸರಿ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಬಹುದು. ಮೊಮ್ಮಗಳು ಮುಂದೊಂದು ದಿನ ‘ಎಲ್ಲರೂ ಒಟ್ಟಿಗೆ ಒಂದೇ ಪುಟ ಬರೆದ್ವಿ’ ಎಂದು ದಿನಾ ಹೇಳತೊಡಗಿದರೆ ಆ ಮಾತನ್ನೂ ಇಷ್ಟೇ ನಂಬಿ, ಶಾಲೆಗೆ ಹೋಗಿ ವಿಚಾರಿಸಿ. ಸದ್ಯ ಅವಳು ಹೇಳುತ್ತಿರುವುದರಲ್ಲಿ ನನಗೆ ಚಿಂತೆ ಕಾಣುವುದಿಲ್ಲ.

ಇಂದು ಸಂಜೆ ‘ಎಂತ ಕಲ್ತೆ’ ಬಿಡಿ. ಯಾವ ಗಟ್ಟಿ ಉಳಿಯಿತು, ಆಮೇಲೆ ಎಂತ ಮಾಡಿದೆ ಎಂದು ಕೇಳಿ. ಅವಳ ಉತ್ತರ ನಮಗೂ ಬರೆಯಿರಿ.

– ಸಂ.