ಬೋರ್ಡ್ ಮೀಟಿಂಗಿಗೆ ನಾವೂ ಹೋಗಬಹುದಾ?

ಪ್ರಶ್ನೆ: ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮೂರ ಕನ್ನಡ ಕೂಟಕ್ಕೆ ಏಳು ವರ್ಷದಿಂದ ಚಂದಾ ಕಟ್ಟುತ್ತಿದ್ದೇನೆ, ಓಟೂ ಹಾಕುತ್ತೇನೆ. ದೀಪಾವಳಿ ಖರ್ಚಿನ ಲೆಕ್ಕ ಕೇಳೋಣ ಅಂತ ಬೋರ್ಡ್ ಮೀಟಿಂಗಿಗೆ ಹೋದರೆ ಬಾಗಿಲಲ್ಲೇ ತಡೆದರು. ಒಳಗೆ ಮಾಜಿ ಅಧ್ಯಕ್ಷರು ಆರಾಮಾಗಿ ಕಾಫಿ ಕುಡಿಯುತ್ತಿದ್ದರು! ನಮ್ಮ ಬೈಲಾ (ಕೂಟದ ನಿಯಮಾವಳಿ) ಪ್ರಕಾರ ಸಭೆಗಳು ರಾಬರ್ಟ್ಸ್ ರೂಲ್ಸ್ ಅನ್ನೋ ಸಭಾ ನಿಯಮಗಳ ಪುಸ್ತಕದಂತೆ ನಡೆಯಬೇಕು. ಇದು ನ್ಯಾಯವಾ?

ಉತ್ತರ: ಬೇಜಾರು ಮಾಡ್ಕೋಬೇಡಿ, ಬಾಗಿಲ ವಿಷಯದಲ್ಲಿ ನಿಯಮ ಅವರ ಕಡೆಗಿದೆ. ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಬರೆದ ಪುಸ್ತಕ ಈ ರಾಬರ್ಟ್ಸ್ ರೂಲ್ಸ್. ಅವರೂ ಒಮ್ಮೆ ಚರ್ಚಿನ ಸಭೆ ನಡೆಸಲು ಹೋಗಿ ಪೇಚಿಗೆ ಸಿಕ್ಕವರೇ. ಆ ನಿಯಮದಂತೆ ಬೋರ್ಡ್ ಸಭೆಗೆ ಬರುವ ಹಕ್ಕು ಬೋರ್ಡಿನವರಿಗೆ ಮಾತ್ರ. ಉಳಿದವರು ಕರೆದರೆ ಬರಬಹುದು, ಹೋಗಿ ಅಂದರೆ ಹೋಗಬೇಕು.

ನಾನೂ ಒಂದು ಕೂಟದಲ್ಲಿ ಕಾರ್ಯದರ್ಶಿಯಾಗಿದ್ದೆ. ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಮೀಟಿಂಗು. ಒಬ್ಬ ಸದಸ್ಯೆ ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಹಿಡಿದು ಬಂದರು. ಚಿತ್ರಾನ್ನ ಒಳಗೆ ಬಂತು, ಅವರನ್ನು ಹೊರಗೇ ಕೂರಿಸಿದೆವು. ನಿಯಮ ತಪ್ಪಿರಲಿಲ್ಲ, ಆದರೂ ಆ ಚಿತ್ರಾನ್ನ ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ನಿಮ್ಮ ಮಾಜಿ ಅಧ್ಯಕ್ಷರು. ಮಾಜಿ ಆದ ಮಾತ್ರಕ್ಕೆ ಅವರಿಗೆ ಕುರ್ಚಿ ಇಲ್ಲ. ಮಾಜಿ ಅಧ್ಯಕ್ಷರೂ ಬೋರ್ಡಿನ ಸದಸ್ಯರು ಅಂತ ಬೈಲಾದಲ್ಲಿದ್ದರೆ ಮಾತ್ರ ಅವರಿಗೆ ಮಾತು, ಮತ ಎರಡೂ ಉಂಟು. ಇಲ್ಲದಿದ್ದರೆ ಅವರೂ ನಿಮ್ಮ ಹಾಗೇ, ಕರೆದರೆ ಬರುವ ಅತಿಥಿ. ಬೈಲಾ ತೆಗೆದು ನೋಡಿ. (ನಿಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಮೀಟಿಂಗಾದರೆ ಕಥೆಯೇ ಬೇರೆ. ಗುಟ್ಟಿನ ವಿಷಯ ಬಿಟ್ಟರೆ, ಮನೆ ಮಾಲೀಕರನ್ನು ಒಳಗೆ ಬಿಡಲೇಬೇಕು ಅನ್ನುತ್ತದೆ ಕ್ಯಾಲಿಫೋರ್ನಿಯಾ ಕಾನೂನು.)

ಆದರೆ ನಿಮಗೆ ಬೇಕಿರುವುದು ಕುರ್ಚಿಯಲ್ಲ, ಲೆಕ್ಕ ಅಲ್ವಾ? ಅದಕ್ಕೆ ದಾರಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಲಾಭಕ್ಕಲ್ಲದ ಸಂಸ್ಥೆಯಾಗಿ ನೋಂದಾಯಿಸಿದ ಕೂಟವಾದರೆ, ಓಟಿನ ಹಕ್ಕಿರುವ ಸದಸ್ಯರು ಸರಿಯಾದ ಕಾರಣ ಬರೆದು ಕೇಳಿದಾಗ ಲೆಕ್ಕದ ಪುಸ್ತಕ, ಸಭೆಯ ನಡಾವಳಿ ತೋರಿಸಬೇಕು. ರಾಬರ್ಟ್ಸ್ ರೂಲ್ಸ್‌ಗಿಂತ ರಾಜ್ಯದ ಕಾನೂನು ದೊಡ್ಡದು. ಮಹಾಸಭೆಯಲ್ಲೂ ಪಟ್ಟು ಹಿಡಿಯಬಹುದು: ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಬೋರ್ಡಿನ ನಡಾವಳಿಯನ್ನು ಅಲ್ಲೇ ಓದಿಸಬಹುದು.

ಮೊದಲು ಕಾರ್ಯದರ್ಶಿಗೆ ಒಂದು ಈಮೇಲ್ ಹಾಕಿ, ಮುಂದಿನ ಮೀಟಿಂಗಿನಲ್ಲಿ ಹತ್ತು ನಿಮಿಷ ಕೇಳಿ. ಚಿತ್ರಾನ್ನ ಮಾತ್ರ ಒಯ್ಯಬೇಡಿ.